ಬೂರುಗದ ಒಂಟಿ ಬತ್ತಿ

ಭೂಮಿಯ ಮೈ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು, ಕೂಸೇ. ಎಲ್ಲಿ ಕೂರೋಣ ಅಂತ ಬೆಟ್ಟಗಳು ಇನ್ನೂ ಜಾಗ ಹುಡುಕುತ್ತಿದ್ದವು. ಆಗ ರಾತ್ರಿ ಅನ್ನೋದೇ ಇರಲಿಲ್ಲ. ಸೂರ್ಯಣ್ಣ ಒಬ್ಬನೇ ಬಿಡುವಿಲ್ಲದೆ ಆಕಾಶದಲ್ಲಿ ಸುತ್ತುತ್ತಿದ್ದ, ಪಾಪ.

ಒಂದು ದಿನ ಅವನು ತಂಗಿ ಸಂಜೆಯನ್ನು ಕರೆದ. “ತಂಗೀ, ಕಾಲು ಸೋತುಹೋಗಿವೆ ಕಣೇ. ಇವತ್ತು ಸ್ವಲ್ಪ ಹೊತ್ತು ಮಲಗ್ತೀನಿ.”

“ಅಯ್ಯೋ, ಕತ್ತಲಾಗುತ್ತಲ್ಲಣ್ಣಾ!”

“ಅದಕ್ಕೇ ಬೆಟ್ಟದ ತುದಿಯಲ್ಲಿ ಒಂದು ದೀಪ ಹಚ್ಚಿಡು. ಬೂದಿಯೊಳಗೆ ಒಂದು ಕೆಂಡ ಮುಚ್ಚಿಟ್ಟಿದ್ದೀನಿ, ತಗೋ.”

ಸಂಜೆ ಸೆರಗು ಸಿಕ್ಕಿಸಿಕೊಂಡು ಓಡಾಡಿದಳು. ಜೇಡಿಮಣ್ಣು ಹಣತೆ ಕೊಟ್ಟಿತು. ಹರಳುಗಿಡ ಎಣ್ಣೆ ಕೊಟ್ಟಿತು. ಇನ್ನು ಬೇಕಾಗಿದ್ದು ಬತ್ತಿ ಒಂದೇ.

ಅಷ್ಟರಲ್ಲಿ ಗಾಳಿಯವ್ವ ಏದುಸಿರು ಬಿಡುತ್ತ ಬಂದಳು. ಗಾಳಿಗೂ ಏದುಸಿರು ಬರುತ್ತಾ ಅಂತ ನಗಬೇಡ. ಮಗಳ ಚಿಂತೆ ಹತ್ತಿದರೆ ಯಾರಿಗಾದರೂ ಬರುತ್ತೆ.

“ಸಂಜವ್ವಾ, ನನ್ನ ಸುಳಿ ಆಡ್ತಾ ಆಡ್ತಾ ಹೊಳೆ ಆಚೆ ಹೋಗಿಬಿಟ್ಟಿದ್ದಾಳೆ. ಚಿಕ್ಕ ಮಗು. ಕತ್ತಲೆ ಅಂದರೆ ಏನು ಅಂತಲೇ ಅವಳಿಗೆ ಗೊತ್ತಿಲ್ಲ. ಅವಳು ಮನೆ ಸೇರೋ ತನಕ ನಿನ್ನ ದೀಪ ಆರಬಾರದು.”

“ಆರಲ್ಲ ಬಿಡು. ನಾನಿದ್ದೀನಲ್ಲ,” ಅಂದಳು ಸಂಜೆ.

ಸಂಜೆ ಮೊದಲು ಹುಲ್ಲನ್ನು ಹೊಸೆದಳು. ಅದು ಭಗ್ ಅಂತ ಉರಿದು ಬೂದಿಯಾಯಿತು. ಆಮೇಲೆ ಬಾಳೆನಾರು ಹಾಕಿದಳು. ಅದು ಇನ್ನೂ ಹಸಿ. ಹೊಗೆ ಎಬ್ಬಿಸಿ ಎಲ್ಲರ ಕಣ್ಣಲ್ಲೂ ನೀರು ಬರಿಸಿತು.

ಆಗ ಬೂರುಗದ ಮರ ಕೂಗಿತು, “ನಾನಿರುವಾಗ ಬೇರೆಯವರನ್ನು ಯಾಕೆ ಕೇಳ್ತೀಯೇ? ನನ್ನ ಹತ್ತಿ ತಗೋ!”

ಬೂರುಗ ಅಂದರೆ ಸಂಜೆಗೆ ಜೀವ. ಸುಳಿಗೂ ಅಷ್ಟೇ. ದಿನಾ ಅದರ ಕೊಂಬೆಯಲ್ಲಿ ಜೋಕಾಲಿ ಆಡುತ್ತ “ಬೂರುಗತ್ತೆ, ಬೂರುಗತ್ತೆ” ಅಂತಿದ್ದಳು. ಸಂಜೆ ಕಾಲು ಚಾಚಿ ಕೂತು, ಕಣಕಾಲ ಮೇಲೆ ಆ ಹತ್ತಿಯನ್ನು ಇಟ್ಟು ಹೊಸೆದಳು. ಏನು ಬಿಳುಪು, ಏನು ಹೊಳಪು! ಆದರೆ ಕೈ ತೆಗೆದರೆ ಎಳೆ ಬಿಚ್ಚಿಕೊಳ್ಳುತ್ತಿತ್ತು.

“ಜಾರುತ್ತಲ್ಲೇ,” ಅಂದಳು ಸಂಜೆ.

ತನ್ನ ಎಳೆ ಒಂದಕ್ಕೊಂದು ಕಚ್ಚಿ ನಿಲ್ಲೋದಿಲ್ಲ ಅಂತ ಬೂರುಗಕ್ಕೆ ಗೊತ್ತಿತ್ತು, ಕೂಸೇ. ಚೆನ್ನಾಗಿ ಗೊತ್ತಿತ್ತು. ಆದರೂ, “ಎಣ್ಣೆ ಕುಡಿದರೆ ಸರಿಹೋಗುತ್ತೆ ಬಿಡು,” ಅಂತು. ಇದನ್ನು ಹೇಳುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ಕೆಳಗೆ ಮೊಣಕಾಲೆತ್ತರದ ಹತ್ತಿಗಿಡ ನಿಂತಿತ್ತು. ಅದು ಮೆಲ್ಲಗೆ ಅಂತು, “ಅಕ್ಕಾ, ನನ್ನದೂ ಒಂದೆಳೆ ಸೇರಿಸಿ ಹೊಸೀಲಿ. ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ. ನೀನು ಹೊಳೀತಾ ಇರು.”

ಬೂರುಗ ಅಷ್ಟೆತ್ತರದಿಂದ ಬಗ್ಗಿ ನೋಡಿತು. “ಮೈತುಂಬ ಬೀಜ ಅಂಟಿಸಿಕೊಂಡು ಬಂದಿದ್ದೀಯ. ಮೊದಲು ಅದನ್ನು ಬಿಡಿಸಿಕೋ ಹೋಗು! ನಿನ್ನ ಜೊತೆ ನಾನು ಉರೀಬೇಕಾ?”

ಸಂಜೆ ಆಗಲೇ ಒಂದು ಮಾತು ಗದರಬೇಕಿತ್ತು. ಗದರಲಿಲ್ಲ. ಗೆಳತಿ ಬೇಜಾರು ಮಾಡಿಕೊಂಡಾಳು ಅಂತ ಸುಮ್ಮನಾದಳು. ಹಾಳು ದಾಕ್ಷಿಣ್ಯ! ಒಂಟಿ ಬತ್ತಿಯನ್ನೇ ಹಣತೆಗೆ ಹಾಕಿ ಹಚ್ಚಿದಳು. ಸೂರ್ಯಣ್ಣ ಆಕಳಿಸಿ ಬೆಟ್ಟದ ಹಿಂದೆ ಇಳಿದ.

ಅಬ್ಬಾ, ಆ ಬೆಳಕು! ಹೊಳೆಯ ಆಚೆಯಿಂದಲೇ ಸುಳಿಗೆ ಕಂಡಿತು. “ಬೂರುಗತ್ತೇ, ಬಂದೇ!” ಅಂತ ಕೂಗುತ್ತ ಅವಳು ಓಡಿಬಂದಳು. ಹೊಳೆ ದಾಟಿದಳು. ಹೊಲ ದಾಟಿದಳು. ಇನ್ನೊಂದು ಬಯಲು ದಾಟಿದರೆ ಮನೆ.

ಆಗ ಬತ್ತಿಯ ಎಳೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಬತ್ತಿ ಪೂರ್ತಿ ಜಾರಿ ಎಣ್ಣೆಯಲ್ಲಿ ಮುಳುಗಿತು. ದೀಪ ಆರಿಹೋಯಿತು.

“ಅವ್ವಾ! ಎಲ್ಲಿದ್ದೀಯವ್ವಾ?” ಅಂತ ಕೂಗಿದಳು ಸುಳಿ. ಈ ಕಡೆ ತಿರುಗಿದಳು, ಕತ್ತಲೆ. ಆ ಕಡೆ ತಿರುಗಿದಳು, ಕತ್ತಲೆ. ನಿಂತಲ್ಲೇ ತಿರುಗಿದಳು, ತಿರುಗಿದಳು, ತಿರುಗುತ್ತಲೇ ಇದ್ದಳು.

ಗಾಳಿಯವ್ವ ಕೂಗಿದಳು. ಕತ್ತಲಲ್ಲಿ ಕೂಗು ಎಲ್ಲ ಕಡೆಯಿಂದಲೂ ಬಂದ ಹಾಗಾಯಿತು. ಸಂಜೆ ತಡಕಾಡಿ ಹತ್ತಿಗಿಡದ ಹತ್ತಿ ಕಿತ್ತು ಬೀಜ ಬಿಡಿಸಿದಳು, ಹೊಸೆದಳು, ಕೆಂಡ ಊದಿ ಮತ್ತೆ ಹಚ್ಚಿದಳು. ಹತ್ತಿಯ ಬತ್ತಿ ಬೆಳಗಿನ ತನಕ ನಿಂತು ಉರಿಯಿತು. ಆದರೆ ತಲೆ ತಿರುಗಿದ ಮಗು ದಿಕ್ಕು ತಪ್ಪಿ ಎಲ್ಲೋ ಹೊರಟುಹೋಗಿತ್ತು.

ಬೆಳಗಾದ ಮೇಲೆ ಗಾಳಿಯವ್ವ ಬೂರುಗದ ಮುಂದೆ ಬಂದು ನಿಂತಳು. ಬೈಯಲಿಲ್ಲ. ಕೊಂಬೆ ಮುರಿಯಲೂ ಇಲ್ಲ. “ಜಾರುತ್ತೆ ಅಂತ ನಿನಗೆ ಗೊತ್ತಿತ್ತಾ?” ಅಂತ ಒಂದೇ ಮಾತು ಕೇಳಿದಳು.

ಬೂರುಗ ತಲೆ ತಗ್ಗಿಸಿತು.

ಗಾಳಿಯವ್ವ ಹೋದ ಮೇಲೆ ಅದು ಹತ್ತಿಗಿಡಕ್ಕೆ ಅಂತು, “ನಿನ್ನ ಮಾತು ಕೇಳಬೇಕಿತ್ತು ಕಣೇ. ಒಂದೇ ಒಂದು ಎಳೆ. ಅಷ್ಟಕ್ಕೂ ಒಪ್ಪಲಿಲ್ಲ ನಾನು.”

“ಇನ್ನೊಂದು ಸಲ ನಾನೂ ಗಟ್ಟಿಯಾಗಿ ಹೇಳಬೇಕಿತ್ತಕ್ಕಾ,” ಅಂತ ಹತ್ತಿಗಿಡವೂ ಅತ್ತಿತು.

ಸಂಜೆಗೆ ಆ ಸಂಕಟ ಇವತ್ತಿಗೂ ಹೋಗಿಲ್ಲ. ಅವಳು ಮನೆಮನೆಗೆ ಬಂದು ಹೇಳಿ ಹೋದಳಂತೆ, ಇನ್ನು ಮೇಲೆ ಯಾರೂ ಒಂಟಿ ಬತ್ತಿ ಹಚ್ಚಬೇಡಿ, ಒಂದು ಜಾರಿದರೆ ಹಿಡಿಯೋದಕ್ಕೆ ಇನ್ನೊಂದಿರಲಿ ಅಂತ. ಅದಕ್ಕೇ ನಾನು ಯಾವತ್ತೂ ಎರಡೆಳೆ ಸೇರಿಸಿ ಜೋಡಿ ಬತ್ತಿ ಹಾಕೋದು.

ಬೂರುಗ ಮಾತ್ರ ಸುಮ್ಮನೆ ಕೂರಲಾರದೆ ಹೋಯಿತು. ಮರಕ್ಕೆ ಕಾಲಿಲ್ಲ, ಹುಡುಕೋದಕ್ಕೆ ಹೇಗೆ ಹೋದೀತು? ತನ್ನ ಕಾಯಿಗಳನ್ನು ತಾನೇ ಒಡೆದುಕೊಂಡು, “ಹೋಗಿ, ನನ್ನ ಕೂಸನ್ನು ಕರೆದುಕೊಂಡು ಬನ್ನಿ” ಅಂತ ಹತ್ತಿಯನ್ನೆಲ್ಲ ಹೊರಗೆ ಕಳಿಸಿತು.

ಬೇಸಿಗೆಯ ಬಯಲಲ್ಲಿ ಧೂಳು ಎಬ್ಬಿಸಿಕೊಂಡು ಸುಂಟರಗಾಳಿ ನಿಂತಲ್ಲೇ ಗಿರಗಿರ ತಿರುಗುತ್ತಲ್ಲ, ಅವಳೇ ಸುಳಿ, ಇನ್ನೂ ಮನೆ ಯಾವ ಕಡೆ ಅಂತ ನೋಡುತ್ತಿದ್ದಾಳೆ. ಅದೇ ಹೊತ್ತಿಗೆ ಬೂರುಗದ ಹತ್ತಿ ಹಾರಿ ಬಂದು ಅವಳ ಜೊತೆ ನಾಲ್ಕು ಸುತ್ತು ಸುತ್ತುತ್ತೆ, ಕೈ ಹಿಡಿಯೋದಕ್ಕೆ ನೋಡುತ್ತೆ, ಮತ್ತೆ ಜಾರಿ ನೆಲಕ್ಕೆ ಬೀಳುತ್ತೆ.