ವೀಣೆ ಟೀಚರಿಗೊಂದು ಫ್ಯಾನು

ವೀಣೆ ಟೀಚರ್ ಪಂಕಜಾಕ್ಷಮ್ಮನವರಿಗೆ ಶಿಷ್ಯರು ಪುಟ್ಟದೊಂದು ಕಂಪ್ಯೂಟರನ್ನು ಉಡುಗೊರೆ ಕೊಡಲು ಹೊರಟಿದ್ದರು. ಪಾಠದ ನಡುವೆ ಅದು ಚೂರು ಗುಂಯ್‌ಗುಟ್ಟಿದರೂ ಟೀಚರ್ ಅದನ್ನು ಅಟ್ಟಕ್ಕೆ ಹಾಕಿಸುವುದು ಖಚಿತ. ಅಟ್ಟಕ್ಕೆ ಹೆದರಿ, ಆ ಕಂಪ್ಯೂಟರಿನ ಖಾಲಿ ಕ್ಯಾಬಿನೆಟ್ಟು ಅಂಗಡಿಯ ಮೇಜಿನ ಮೇಲೆ ತನ್ನೊಳಗೆ ಗಾಳಿಯಾಡಿಸಲು ಬಂದ ಎರಡು ಫ್ಯಾನುಗಳನ್ನು ತಾನೇ ಪರೀಕ್ಷೆ ಮಾಡಲು ಕೂತಿತು.

"ಇಬ್ಬರೂ ತಿರುಗಿ, ನೋಡೋಣ," ಎಂದಿತು.

ಎದುರಿಗಿದ್ದ ಏಳು ಬಣ್ಣದ ದೀಪದ ಫ್ಯಾನು ಗಿರ್ರನೆ ಎದ್ದಿತು. "ಸ್ವಾಮೀ, ಮೌನವೇ ನನ್ನ ಉಸಿರು! ನನ್ನಂಥ ಮೌನಿ ಈ ಊರಲ್ಲೇ ಇಲ್ಲ!"

"ಸದ್ದು ಬರುತ್ತಿದೆಯಲ್ಲಯ್ಯಾ?"

"ಸದ್ದಲ್ಲ ಸ್ವಾಮೀ, ಶ್ರುತಿ! ಇನ್ನು ಟೀಚರಿಗೆ ತಂಬೂರಿಯೇ ಬೇಡ!" ಎನ್ನುತ್ತ ಅದು ಕುಣಿದ ಕುಣಿತಕ್ಕೆ ಮೇಜಿನ ಮೇಲಿನ ಸ್ಕ್ರೂಗಳೆಲ್ಲ ತಾಳ ಹಾಕುತ್ತ ನೆಲಕ್ಕುರುಳಿದವು.

"ಸಾಕು, ನಿಲ್ಲಿಸು!" ಎಂದು ಗದರಿದ ಕ್ಯಾಬಿನೆಟ್ಟು, ಬೆನ್ನ ಹಿಂದಿದ್ದ ಕಂದು ಫ್ಯಾನಿನ ಮೇಲೂ ರೇಗಿತು. "ನಿನಗೇನು ನಿದ್ದೆಯೇ? ಹೇಳಿ ಎಷ್ಟು ಹೊತ್ತಾಯಿತು, ಇನ್ನೂ ಶುರು ಮಾಡಿಲ್ಲವಲ್ಲ!"

"ಆಗಿನಿಂದ ತಿರುಗುತ್ತಲೇ ಇದ್ದೇನೆ ಸ್ವಾಮೀ," ಎಂದಿತು ಕಂದು ಫ್ಯಾನು. "ನಿಮ್ಮ ಬೆನ್ನು ತಣ್ಣಗಾಗಲಿಲ್ಲವೇ?"

ಕ್ಯಾಬಿನೆಟ್ಟು ಕಂದು ಫ್ಯಾನಿಗೆ ತನ್ನ ಬಾಗಿಲು ತೆರೆಯಿತು.