ಕೋಳಿಗೆ ಹಾಕಿದ ಚರೆ

ಹಿಂದೆ ಕೊಡಗಿನಲ್ಲಿ ಬೊಳ್ಳವ್ವ ಅಂತ ಒಬ್ಬ ವಿಧವೆ ಇದ್ದಳು. ಅವಳಿಗೆ ಒಬ್ಬನೇ ಮಗ, ಮೊಣ್ಣಪ್ಪ. ಆಳು ಬಾಗಿಲೆತ್ತರ, ಬುದ್ಧಿ ಹೊಸ್ತಿಲೆತ್ತರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅವ್ವನ ಕಷ್ಟವೆಲ್ಲ ಅದೇ.

ಸತ್ತ ಗಂಡ ಉಳಿಸಿಹೋದದ್ದು ಒಂದು ಜೋಡುನಳಿಗೆ ಕೋವಿ. ಅದರ ಮೇಲೆ ಗಂಡನ ಅಣ್ಣ ಚೀಯಣ್ಣನ ಕಣ್ಣು. ಭಾನುವಾರ ಬರುತ್ತೇನೆ, ಅಷ್ಟರಲ್ಲಿ ನಿನ್ನ ಮಗ ಒಂದು ಕಾಡುಕೋಳಿಯನ್ನಾದರೂ ಹೊಡೆದಿರಬೇಕು, ಇಲ್ಲದಿದ್ದರೆ ಕೋವಿ ನನ್ನ ಮನೆಗೆ ಅಂತ ಹೇಳಿಹೋಗಿದ್ದ.

ಬೊಳ್ಳವ್ವ ಮಗನನ್ನು ಕೂರಿಸಿಕೊಂಡು, ಕೋವಿಗೆ ತುಂಬುವ ಸೀಸದ ಕಾಳಿನ ಚೀಲ ಕೊಟ್ಟು ಹೇಳಿದಳು: "ದಪ್ಪ ಚರೆ ಹಂದಿಗೆ. ಕೋಳಿಗೆ ಸಣ್ಣ ಚರೆ ಹಾಕು, ಮಗ."

ಹಾಕಿದ. ಕಾಡಿನಂಚಿನಲ್ಲಿ ಚೀಲ ಬಿಚ್ಚಿ, ಬಾ ಬಾ ಅಂತ ಕರೆದು, ಭತ್ತ ಚೆಲ್ಲಿದ ಹಾಗೆ ಚೆಲ್ಲಿದ. ಒಂದು ಹುಂಜ ಬಂದು ಎರಡು ಕಾಳು ಕುಕ್ಕಿ, ತಲೆ ಕೊಡವಿ ಹೋಯಿತು. ಖಾಲಿ ಚೀಲ ತಂದು, ಕೋಳಿಗೆ ಚರೆ ಸೇರಲಿಲ್ಲ ಅವ್ವ ಅಂದ.

ಬೊಳ್ಳವ್ವ ಹಣೆ ಚಚ್ಚಿಕೊಂಡು ಬೈದಳು. ಡಬ್ಬಿಯ ತಳದಲ್ಲಿದ್ದ ಚರೆ ಕೆರೆದು ತಾನೇ ಎರಡೂ ನಳಿಗೆಗೆ ತುಂಬಿಕೊಟ್ಟಳು. ಎಡದ ನಳಿಗೆಯ ಬಾಯಿ ಬಿಗಿ, ಚರೆ ಚದುರದೆ ದೂರ ಹೋಗುತ್ತದೆ. ಬಲದ್ದು ಸಡಿಲ, ಹತ್ತಿರದಲ್ಲೇ ಹರಡುತ್ತದೆ ಅಂತ ಬಿಡಿಸಿ ಹೇಳಿದಳು. ಅವನ ತಲೆಯಲ್ಲಿ ಅಷ್ಟೆಲ್ಲ ನಿಲ್ಲಲಿಲ್ಲ.

"ಕೋಳಿ ದೂರ ಇದ್ದರೆ ಬಿಗಿ ಬಾಯಿ, ಹತ್ತಿರ ಬಂದರೆ ಸಡಿಲ ಬಾಯಿ. ಇಷ್ಟು ನೆನಪಿಟ್ಟುಕೊ," ಅಂದಳು ಕೊನೆಗೆ.

ಇಟ್ಟುಕೊಂಡ. ಕೋಳಿ ದೂರ ಕಂಡಿತು, ತುಟಿ ಬಿಗಿದು ಕೂತ. ಹತ್ತಿರ ಬಂತು, ಬಾಯಿ ಬಿಟ್ಟುಕೊಂಡು ಕೂತ. ಕೋಳಿ ಅವನ ಕಾಲ ಬುಡದಲ್ಲೇ ಕೆದಕಿ, ಹೊಟ್ಟೆ ತುಂಬಿಸಿಕೊಂಡು ಹೋಯಿತು. ಮೊಣ್ಣಪ್ಪನ ಬಾಯೊಳಕ್ಕೆ ಎರಡು ನೊಣ ಹೋದವು.

ಬೊಳ್ಳವ್ವ ಮತ್ತೆ ಬೈದಳು. ಬಾಯಿ ಕೋವಿಯದು, ನಿನ್ನದಲ್ಲ ಅಂದಳು. ಹಾರುವ ಹಕ್ಕಿಯ ಮೇಲೇ ಗುರಿ ಇಟ್ಟರೆ ಚರೆ ಹಿಂದೆ ಬೀಳುತ್ತದೆ ಅಂತಲೂ ಹೇಳಿದಳು. "ಅದಕ್ಕೇ ಕೋಳಿಯ ಮುಂದೆ ಹೊಡಿ."

ಭಾನುವಾರ ಬೆಳಿಗ್ಗೆ ಹೊಡೆದ. ಕಾವಿಗೆ ಕೂತಿದ್ದ ಮನೆಕೋಳಿಯನ್ನು ಬುಟ್ಟಿಯಿಂದ ಎತ್ತಿ ತಂದು ಅಂಗಳದಲ್ಲಿ ಕಟ್ಟಿ, ಅದು ನೋಡುತ್ತಿದ್ದ ಹಾಗೆಯೇ ಹೊಡೆದ. ಜಗಲಿಯ ಮೇಲೆ ಸಾಲಾಗಿದ್ದ ಮೂರು ಮಣ್ಣಿನ ಕೊಡಗಳೂ ಒಂದೇ ಏಟಿಗೆ ಚೂರಾದವು.

"ಹತ್ತಿರ ಇತ್ತಲ್ಲ ಅವ್ವ, ಸಡಿಲ ನಳಿಗೆಯಲ್ಲೇ ಹೊಡೆದೆ," ಅಂದ. ಅದೊಂದನ್ನು ಮಾತ್ರ ಸರಿಯಾಗಿ ಕಲಿತಿದ್ದ.

ಅಷ್ಟರಲ್ಲಿ ಚೀಯಣ್ಣ ಬಂದೇಬಿಟ್ಟ. ಚೂರುಗಳನ್ನು ಕಾಲಿನಿಂದ ಸರಿಸಿ, ಕಾಡುಕೋಳಿ ಎಲ್ಲಿ ಅಂತ ಕೇಳಿದ. ಇನ್ನೂ ಸಿಕ್ಕಿಲ್ಲ ಅಂದಳು ಬೊಳ್ಳವ್ವ. ಹಾಗಾದರೆ ಕೋವಿ ಹೇಗಿದೆ ನೋಡೋಣ ಅಂದು ಅವನು ಮೀಸೆ ತೀಡಿದ.

ಬೊಳ್ಳವ್ವನ ಕಣ್ಣು ತುಂಬಿತು. "ದೊಡ್ಡಪ್ಪನಿಗೆ ಕೋವಿ ತೋರಿಸು, ಮಗ," ಅಂದಳು.

ತೋರಿಸಿದ. ನೇರ ಎದೆಗೇ ತೋರಿಸಿದ.

ಚೀಯಣ್ಣ ಚಪ್ಪಲಿ ಬಿಟ್ಟು ಗದ್ದೆ ಬದುವಿನ ಮೇಲೆ ಓಡಿದ. ದೊಡ್ಡಪ್ಪ ಇನ್ನೂ ಸರಿಯಾಗಿ ನೋಡಿಲ್ಲ ಅಂತ ಮೊಣ್ಣಪ್ಪ ಕೋವಿ ಚಾಚಿಕೊಂಡೇ ಹಿಂದೆ ಓಡಿದ. ಅದೊಂದು ಸಲ ಬೊಳ್ಳವ್ವ ಮಗನನ್ನು ಬೈಯಲೂ ಇಲ್ಲ, ವಾಪಸು ಕರೆಯಲೂ ಇಲ್ಲ.