ಸುಣ್ಣದ ಗೂಡಿನವಳ ಅಳು

"ಗುರುಗಳೇ, ಓದುವವರ ಮನಸ್ಸು ಕರಗುವುದಾದರೆ, ಬರೆಯುವವನು ನಡೆದದ್ದನ್ನು ಕೊಂಚ ಬದಲಿಸಿದರೆ ತಪ್ಪೇ?" ಎಂದು ಶಿಷ್ಯ ಕೇಳಿದ. ಅವನು ಆಗಷ್ಟೇ ಪದ್ಯ ಕಟ್ಟಲು ಕಲಿಯುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಕಡಲ ಕಡೆಯ ಒಂದು ಸೀಮೆಯಲ್ಲಿ ಒಬ್ಬ ಬರಹಗಾರನಿದ್ದ. ಹೊಟ್ಟೆಪಾಡಿಗೆ ಶಾಲೆಯಲ್ಲಿ ಮಾಸ್ತರಿಕೆ, ಉಳಿದ ಹೊತ್ತು ಬರವಣಿಗೆ. ತನ್ನ ಸೀಮೆಯ ಜನ, ಅವರ ಆಡುಮಾತು, ಇವನ್ನು ಬಿಟ್ಟು ಬೇರೇನನ್ನೂ ಬರೆದವನಲ್ಲ. ನಾಲ್ಕು ಕವನಸಂಗ್ರಹಗಳಾದ ಮೇಲೆ ಒಂದು ಕಾದಂಬರಿ ಬರೆದ. ತನ್ನೂರಿನ ಹೊಳೆಯಾಚೆ ಚಿಪ್ಪು ಸುಟ್ಟು ಸುಣ್ಣ ಮಾಡುವ ಒಬ್ಬ ಹೆಂಗಸಿನ ಬದುಕು ಅದು. ಚಿಪ್ಪು ತರಲು ಹೋದ ಅವಳ ಗಂಡ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮುಳುಗಿ ಸತ್ತಿದ್ದ. ಅವಳು ಮೂರು ದಿನ ದಂಡೆಯಲ್ಲಿ ಕೂತು ಅತ್ತಳೆಂಬ ಅಧ್ಯಾಯವನ್ನು ಓದಿ ದೂರದೂರದವರು ಕಣ್ಣೀರಿಟ್ಟರು. ಅವನ ಹೆಸರು ಉಳಿಯಲು ಅದೊಂದೇ ಅಧ್ಯಾಯ ಸಾಕೆಂದು ವಿದ್ವಾಂಸರು ಬರೆದರು.

ಆ ಹೆಂಗಸಿಗೆ ಓದು ಬಾರದು. ಮಗಳಿಂದ ಓದಿಸಿ ಕೇಳಿದಳು. ಮರುದಿನ ಹೊಳೆ ದಾಟಿ ಬಂದು ಬರಹಗಾರನ ಅಂಗಳದಲ್ಲಿ ನಿಂತಳು.

"ಮಾಸ್ತರೇ, ನಾನು ಅಳಲಿಲ್ಲ," ಎಂದಳು. "ಗೂಡಿಗೆ ಬೆಂಕಿ ಹಾಕಿ ಆಗಿತ್ತು. ಬಿಟ್ಟು ಹೋದರೆ ಚಿಪ್ಪು ಅರೆಬರೆ ಬೆಂದು ನಾಲ್ಕು ಮನೆಯವರ ದುಡಿಮೆ ಹಾಳಾಗುತ್ತಿತ್ತು. ಬೆಂಕಿ ಆರದಂತೆ ತಿದಿ ಒತ್ತುತ್ತ ಕೂತಿದ್ದೆ."

ಗಂಡ ಸತ್ತರೂ ಅಳದ ಕಲ್ಲುಮನಸ್ಸಿನವಳೆಂದು ಊರು ಅವಳನ್ನು ಹತ್ತು ವರ್ಷ ಆಡಿಕೊಂಡಿತ್ತು. ಪುಸ್ತಕ ಬಂದ ಮೇಲೆ ಅದೇ ಜನ ಅಯ್ಯೋ ಪಾಪ ಎನ್ನತೊಡಗಿದ್ದರು. ಬರಹಗಾರ ಇದನ್ನು ನೆನಪಿಸಿ, ತಾನು ಬರೆದದ್ದರಿಂದ ಅವಳಿಗೆ ಒಳ್ಳೆಯದೇ ಆಯಿತಲ್ಲ ಎಂದ.

"ಆ ದಿನ ನಾನು ಪಟ್ಟದ್ದು ನನಗೊಬ್ಬಳಿಗೇ ಗೊತ್ತು, ಮಾಸ್ತರೇ. ಈಗ ನನ್ನ ಮಗಳೂ ನಂಬುವುದು ನಿಮ್ಮ ಪುಸ್ತಕವನ್ನೇ."

ಅಷ್ಟು ಹೇಳಿ ಅವಳು ಹೊರಟುಹೋದಳು. ಬರಹಗಾರನಿಗೆ ಮೊದಲು ಸಿಟ್ಟು ಬಂತು. ಕಾದಂಬರಿಯೆಂದರೆ ಕಾದಂಬರಿ ಎಂದು ತನಗೆ ತಾನೇ ಹೇಳಿಕೊಂಡ. ವಾರ ಕಳೆದರೂ ಸಮಾಧಾನವಾಗಲಿಲ್ಲ. ಕೊನೆಗೆ ತಾನೇ ಹೊಳೆ ದಾಟಿ ಹೋಗಿ ಗೂಡಿನ ಮುಂದೆ ಕೂತ. ತಿದಿ ಒತ್ತುವವರ ಕೈಗೆ ಕಣ್ಣೊರೆಸಿಕೊಳ್ಳುವಷ್ಟೂ ಬಿಡುವಿಲ್ಲದಿರುವುದನ್ನು ಅಲ್ಲಿ ಕಂಡ.

ಎರಡನೆಯ ಮುದ್ರಣಕ್ಕೆ ಆ ಅಧ್ಯಾಯವನ್ನು ತೆಗೆದುಹಾಕಿದ. ಅದರ ಜಾಗದಲ್ಲಿ ಅವಳು ತಿದಿ ಒತ್ತುತ್ತ ಕೂತದ್ದನ್ನು ಐದೇ ಸಾಲಿನಲ್ಲಿ ಬರೆದ. ಪುಸ್ತಕದ ಜೀವವನ್ನೇ ಕೀಳಬೇಡಿರೆಂದು ಪ್ರಕಾಶಕ ಬೇಡಿಕೊಂಡರೂ ಕೇಳಲಿಲ್ಲ. ಹೊಸ ಮುದ್ರಣ ಕಟ್ಟು ಬಿಚ್ಚದೆ ಮೂಲೆ ಸೇರಿತು. ಅವನ ಕೈ ಸೋತಿತೆಂದು ವಿದ್ವಾಂಸರು ಹೇಳಿದರು. ಆ ಮಾತು ಅವನನ್ನು ನೋಯಿಸಿತು. ಆದರೂ ಒಂದು ಪ್ರತಿಯನ್ನು ಹೊಳೆಯಾಚೆ ಒಯ್ದು ಕೊಟ್ಟ. ಆ ಹೆಂಗಸು ಐದು ಸಾಲನ್ನೂ ಕೇಳಿ, ಇನ್ನೊಮ್ಮೆ ಓದು ಎಂದು ಮಗಳಿಗೆ ಸನ್ನೆ ಮಾಡಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಅದು ಒಪ್ಪಿಗೆಯಾಗಲಿಲ್ಲ.

"ಮೊದಲಿನದನ್ನು ಓದಿ ಅಷ್ಟು ಜನ ಅತ್ತರಲ್ಲ, ಗುರುಗಳೇ. ಆ ಅಳು ಸುಳ್ಳೇ?"

ಗುರುಗಳು ಹೇಳಿದರು: "ಅಳು ನಿಜ. ತಿದಿ ಒತ್ತುತ್ತ ಕೂತವಳಿಗಾಗಿ ಅತ್ತವರು ಮಾತ್ರ ಒಬ್ಬರೂ ಇರಲಿಲ್ಲ."